ಮಳೆಗೆ ಏರುವ ಶ್ರುತಿ, ಮಳೆಗೆ ಬೀಳುವ ಶ್ರುತಿ

 

ನಾನು ಬೆಂಗಳೂರಿನಲ್ಲಿ ಪಿಯಾನೋ ಟ್ಯೂನ್ ಮಾಡುವವನು ಎಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಓದಿದ್ದು ಕಡಿಮೆ, ಕೈಗೆ ಗೊತ್ತಿರುವುದನ್ನೇ ಬರೆಯುತ್ತೇನೆ.

ಪಿಯಾನೋ ಒಳಗೆ ಸುಮಾರು 230 ತಂತಿಗಳಿರುತ್ತವೆ. ಎಲ್ಲವೂ ಸೇರಿ ಎಳೆಯುವ ಬಿಗಿತ 18ರಿಂದ 20 ಟನ್. ಅಷ್ಟನ್ನು ಹೊರುವುದು ಕಬ್ಬಿಣದ ಚೌಕಟ್ಟು. ಆದರೆ ನಾದ ಕೊಡುವುದು ಸೌಂಡ್‌ಬೋರ್ಡ್ ಎಂಬ ತೆಳ್ಳನೆಯ ಮರದ ಹಲಗೆ. ಮಳೆಗಾಲದಲ್ಲಿ ಅದು ತೇವ ಕುಡಿದು ಉಬ್ಬಿ ತಂತಿಗಳನ್ನು ಒತ್ತುತ್ತದೆ, ಶ್ರುತಿ ಏರುತ್ತದೆ. ಬೇಸಿಗೆಯ ಒಣ ಹವೆಗೆ ಕುಗ್ಗಿ ಶ್ರುತಿ ಇಳಿಯುತ್ತದೆ. ಅದೂ ಒಂದೇ ಸಮನಾಗಿ ಅಲ್ಲ, ನಡುವಿನ ಸ್ವರಗಳು ಹೆಚ್ಚು ಅಲುಗುತ್ತವೆ. ವರ್ಷಕ್ಕೆ ಎರಡು ಸಲವಾದರೂ ಕೈ ಹಾಕಬೇಕು.

ನನ್ನ ಅಪ್ಪನ ತಮಟೆ ಇದಕ್ಕೆ ತದ್ವಿರುದ್ಧ. ಅದೇ ಮಳೆ, ಅದೇ ತೇವ, ಚರ್ಮ ಮಾತ್ರ ಸಡಿಲಾಗಿ ದನಿ ಬಿದ್ದುಹೋಗುತ್ತದೆ. ಬೆಂಕಿಗೆ ಹಿಡಿದು ಕಾಯಿಸಿದರೆ ಖಣಖಣ ಎನ್ನುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬೀಳುತ್ತದೆ. ನನಗೆ 9 ವರ್ಷವಿದ್ದಾಗ ಮಾರಿಹಬ್ಬದ ದಿನ ಜಡಿಮಳೆ. ಕಾಯಿಸಲು ಇಟ್ಟಿದ್ದ ಹುಲ್ಲೂ ನೆನೆದಿತ್ತು. ಅಪ್ಪನ ತಮಟೆ ಬೊದ್ ಬೊದ್ ಎಂದಿತು. "ಕುಡ್ಕೊಂಡ್ ಬಂದವ್ನೆ" ಎಂದರು ಊರ ಯಜಮಾನರು. ಅಪ್ಪ ಅವತ್ತು ಕುಡಿದಿರಲಿಲ್ಲ. ಆ ವರ್ಷ ನಮಗೆ ಆಯದ ಕಾಳು ಅರ್ಧವೇ ಬಂತು.

ಸೋಣ ಕೋಳಿವಿಸನ ಪ್ರಸಂಗ ನಾವೆಲ್ಲ ಓದಿದ್ದೇವೆ. ರಾಜಗೃಹದ ಬಳಿಯ ಸೀತವನದಲ್ಲಿ ನಡೆದು ನಡೆದು ಅವನ ಪಾದ ಒಡೆದು ರಕ್ತ ಬಂತು. ಫಲ ಸಿಗದೆ, ಮನೆಗೇ ಹಿಂದಿರುಗಿಬಿಡೋಣ ಎನ್ನಿಸಿತು. ಬುದ್ಧರು ಬಂದು ಕೇಳಿದ್ದು, ಮನೆಯಲ್ಲಿದ್ದಾಗ ಅವನು ನುಡಿಸುತ್ತಿದ್ದ ವೀಣೆಯ ಬಗ್ಗೆ. ತಂತಿ ಬಿಗಿಯಾದರೂ ನುಡಿಯದು, ಸಡಿಲಾದರೂ ನುಡಿಯದು. ಇದನ್ನು 'ಅತಿ ಬೇಡ' ಎಂಬ ಬುದ್ಧಿಮಾತಾಗಿ ಓದಿ ನಾವು ಮುಂದೆ ಹೋಗುತ್ತೇವೆ. ನನ್ನ ಮನಸ್ಸು ನಿಲ್ಲುವುದು ಬೇರೆ ಕಡೆ. 'ನಿನಗೆ ಶ್ರದ್ಧೆ ಸಾಲದು' ಎಂದು ಬುದ್ಧರು ಅವನಿಗೆ ಹೇಳಲಿಲ್ಲ. ಒಡೆದ ಕಾಲಿಗೆ ಚಪ್ಪಲಿ ಹಾಕಿಕೊಳ್ಳಲು ಅನುಮತಿ ಕೊಟ್ಟರು. ತನಗೊಬ್ಬನಿಗೇ ಬೇಡ ಎಂದು ಸೋಣ ಹೇಳಿದಾಗ ಇಡೀ ಸಂಘಕ್ಕೆ ಕೊಟ್ಟರು ಎಂದು ವಿನಯದಲ್ಲಿದೆ. ಚಪ್ಪಲಿ ಕೈಯಲ್ಲಿ ಹಿಡಿದು ಮೇಲಿನ ಬೀದಿ ದಾಟಿದವರ ಮಕ್ಕಳು ನಾವು. ಅಲ್ಲಿಗೆ ಬಂದಾಗ ನನಗೆ ಓದಲು ಆಗುವುದಿಲ್ಲ.

ಈಗ ನನ್ನ ತಪ್ಪು. ನಮ್ಮ ಭಾನುವಾರದ ವಂದನೆಗೆ ಬರುತ್ತಿದ್ದ ಒಬ್ಬ ಹುಡುಗ ಎರಡು ತಿಂಗಳಿಂದ ಬರುತ್ತಿಲ್ಲ. ಬರುತ್ತಿದ್ದಾಗಲೂ ತೂಕಡಿಸುತ್ತಿದ್ದ. 'ಶ್ರದ್ಧೆ ಸಡಿಲಾಗಿದೆ' ಎಂದು ಇದೇ ಗುಂಪಿನಲ್ಲಿ ಬರೆದವನು ನಾನು, ಕೆಲವರು ಹೆಬ್ಬೆರಳೂ ಎತ್ತಿದಿರಿ. ಆಮೇಲೆ ತಿಳಿಯಿತು, ಅವನು ರಾತ್ರಿ ಪಾಳಿಗೆ ಸೇರಿದ್ದಾನೆ, ತಾಯಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. (ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.) ಯಜಮಾನರು ಅಪ್ಪನಿಗೆ ಅಂದದ್ದನ್ನೇ ನಾನು ಅವನಿಗೆ ಅಂದಿದ್ದೆ.

"ಹಂಗಾದ್ರೆ ಎಲ್ಲಾದಕ್ಕೂ ಹವಾಮಾನವೇ ಕಾರಣ, ಯಾರ್ದೂ ತಪ್ಪೇ ಇಲ್ವಾ?" ಎಂದಳು ನನ್ನ ಹೆಂಡತಿ. ಒಳ್ಳೆಯ ಪ್ರಶ್ನೆ. ಮಳೆಯಿಂದ ಆದರೂ ಅಪಸ್ವರ ಅಪಸ್ವರವೇ. ಮಳೆ ಕಾರಣ ಎಂದು ಹೇಳಿ, ಕೂಲಿ ಇಸಿದುಕೊಂಡು ನಾನು ಎದ್ದು ಬರುವಂತಿಲ್ಲ. ಆದರೆ ಕಾರಣ ನೋಡದೆ ಜೋರಾಗಿ ತಿರುಗಿಸಿದರೆ ಹಳೆಯ ತಂತಿ ಹರಿಯುತ್ತದೆ. ಬಹಳ ಇಳಿದ ಪಿಯಾನೋದಲ್ಲಿ ಒಂದು ಕಡೆ ಬಿಗಿ ಮಾಡುತ್ತ ಹೋದಂತೆ, ಮೊದಲು ಸರಿ ಮಾಡಿದ್ದು ಮತ್ತೆ ಇಳಿಯುತ್ತದೆ. ಏಕೆಂದರೆ ಎಲ್ಲ ತಂತಿಗಳ ಒತ್ತಡವೂ ಒಂದೇ ಹಲಗೆಯ ಮೇಲೆ. ಎರಡನೇ ಸಲ, ಮೂರನೇ ಸಲ ಬರಬೇಕು. ಮನುಷ್ಯನ ಇಂದಿನ ಪಾಡಿಗೆ ಹಿಂದಿನ ಜನ್ಮದ ಕರ್ಮ ಕಾರಣ ಎಂಬ ಮಾತನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಏಕೆ ಒಪ್ಪಲಿಲ್ಲ ಎಂಬುದು ನನಗೆ ಸ್ವಲ್ಪವಾದರೂ ತಿಳಿದದ್ದು ಈ ಕೆಲಸದಿಂದಲೇ.

ಶನಿವಾರ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಗುಂಪಿನಲ್ಲಿ ಅಂದದ್ದರಿಂದ ಇಲ್ಲಿಯೂ ಕೇಳುತ್ತಿದ್ದೇನೆ. ಈ ಭಾನುವಾರ ವಂದನೆ ಅವನ ಮನೆಯಲ್ಲೇ, ಬೆಳಗ್ಗೆ ಅಲ್ಲ, ಅವನು ನಿದ್ದೆ ಮಾಡಿ ಎದ್ದ ಮೇಲೆ, ಸಂಜೆ 5ಕ್ಕೆ. ಅವನ ತಾಯಿ ತಮಟೆ ಕೇಳಬೇಕು ಎಂದಿದ್ದಾರೆ. ಅಪ್ಪನದನ್ನು ತರುತ್ತೇನೆ. ಮಳೆ ಬರುವ ಹಾಗಿದೆ, ಕಾಯಿಸಲು ಯಾರಾದರೂ ಹಳೇ ಪೇಪರ್ ತನ್ನಿ.

ಜೈಭೀಮ್.