ಐದು ಕಿಲೋಮೀಟರ್ ಮೇಲಿನ ಹಿಮ

ನವಿ ಮುಂಬಯಿಯ ಖಾರಘರದ ನಮ್ಮ ಮಕ್ಕಳಿಗೆ ಹಿಮ ಎಂದರೆ ಹತ್ತಿ. ಡಿಸೆಂಬರ್ ಬಂದರೆ ಗೋದಲಿಯ ಹುಲ್ಲಿನ ಮಾಡಿನ ಮೇಲೆ, ಪ್ಲಾಸ್ಟಿಕ್ ಕ್ರಿಸ್ಮಸ್ ಮರದ ಕೊಂಬೆಗಳ ಮೇಲೆ ಹತ್ತಿಯನ್ನು ತೆಳ್ಳಗೆ ಎಳೆದು ಅಂಟಿಸುತ್ತಾರೆ. ಬೇತ್ಲೆಹೇಮಿನ ಆ ರಾತ್ರಿ ಹಿಮ ಬಿದ್ದಿತ್ತೆಂದು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಆದರೂ ಹಿಮವಿಲ್ಲದ ಕ್ರಿಸ್ಮಸ್ ಅವರಿಗೆ ಅರೆಬರೆ ಅನಿಸುತ್ತದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಹಿಮದ ನಾಡಿನವರು. ಅವರ ಸಭೆಯಲ್ಲಿ ಬೆಳೆದ ಮನೆತನಗಳು ನಮ್ಮವು. ಹಿಮವನ್ನು ಕಣ್ಣಾರೆ ಕಾಣದೆಯೇ ಅದರ ಹಂಬಲವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತ ಬಂದಿದ್ದೇವೆ.

ಹಿಮ ಬೀಳುವ ನಾಡುಗಳಲ್ಲಿ ಮಕ್ಕಳಿಗೊಂದು ಭಾಗ್ಯವಿದೆ. ಬೆಳಗ್ಗೆ ಎದ್ದಾಗ ರಸ್ತೆ ಮುಚ್ಚಿರುತ್ತದೆ, ಶಾಲೆ ಇರುವುದಿಲ್ಲ, ಅಪ್ಪ ಅಮ್ಮ ಮನೆಯಲ್ಲೇ ಇರುತ್ತಾರೆ. ನಮ್ಮ ಕಡೆ ಅದಕ್ಕೆ ಸಾಟಿಯಾದದ್ದು ಮಳೆ ರಜೆ. 2025ರ ಆಗಸ್ಟ್ 19ರ ಮಂಗಳವಾರ ಅಂಥದ್ದು. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಮುಂಬಯಿ, ಠಾಣೆ, ನವಿ ಮುಂಬಯಿ, ರಾಯಗಡದ ಶಾಲೆಗಳಿಗೆ ರಜೆ ಸಾರಲಾಗಿತ್ತು. ಲೋಕಲ್ ರೈಲುಗಳು ಅಸ್ತವ್ಯಸ್ತ. ವರ್ಷವಿಡೀ ಗಡಿಯಾರಕ್ಕೆ ತಲೆಬಾಗುವ ಮನೆಯೊಂದಕ್ಕೆ ಇಡೀ ಒಂದು ದಿನ ಸಿಕ್ಕಿಬಿಟ್ಟಿತು. ಅದನ್ನು ನಾವು ಬೇಡಿರಲಿಲ್ಲ, ದುಡಿದು ಗಳಿಸಿರಲೂ ಇಲ್ಲ.

ಅಂದು ನಮ್ಮ ಮನೆಯಲ್ಲಿ ದೊಡ್ಡದೇನೂ ನಡೆಯಲಿಲ್ಲ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಊರಿಂದ ತಂದಿಟ್ಟ ಹಲಸಿನ ಹಪ್ಪಳ. ಮಕ್ಕಳು ಕಿಟಕಿಗೆ ಮೂಗು ಒತ್ತಿ ಬೆಟ್ಟ ನೋಡುತ್ತಿದ್ದರು. ಬೇಸಗೆಯಲ್ಲಿ ಬೋಳಾಗಿ, ಕಂದು ಬಣ್ಣದಲ್ಲಿ ನಿಲ್ಲುವ ಖಾರಘರದ ಬೆಟ್ಟಸಾಲು ಆಗಸ್ಟಿನಲ್ಲಿ ಕಡುಹಸಿರು. ಮೋಡ ಸ್ವಲ್ಪ ಸರಿದಾಗಲೆಲ್ಲ ಬಂಡೆಗಳ ಮೇಲೆ ಬಿಳಿ ಗೆರೆಗಳು, ಒಂದು ಕಡೆ ಎರಡು, ಇನ್ನೊಂದು ಕಡೆ ನಾಲ್ಕು. ಅವುಗಳ ಹಿರಿಯಣ್ಣ ಪಾಂಡವಕಡಾ ಜಲಪಾತ ನೂರು ಮೀಟರಿಗೂ ಮಿಕ್ಕ ಎತ್ತರದಿಂದ ಧುಮುಕುತ್ತದೆ. ಚಳಿಗಾಲದಲ್ಲಿ ಟೊರಾಂಟೋದ ಚಿಕ್ಕಮ್ಮ ಕಳಿಸಿದ್ದ ಹಿಮದ ವಿಡಿಯೊ ನೆನಪಾಗಿ ಮಗಳು ಕೇಳಿದಳು:

"ಪಪ್ಪ, ನಮ್ಮಲ್ಲಿ ಹಿಮ ಯಾಕೆ ಬೀಳಲ್ಲ?"

"ಬೀಳ್ತಾ ಇದೆಯಲ್ಲ ಮಗಾ, ಈಗಲೇ," ಎಂದೆ. "ನಮ್ಮ ತಲೆ ಮೇಲೆ."

ಅದು ಮಗುವನ್ನು ರಮಿಸಲು ಹೇಳಿದ ಮಾತಲ್ಲ. ಮೇಲೇರಿದಂತೆ ಗಾಳಿ ತಣ್ಣಗಾಗುತ್ತ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ನೆತ್ತಿಯ ಮೇಲೆ ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸೊನ್ನೆಗೆ ಇಳಿದಿರುತ್ತದೆ. ಮುಂಗಾರಿನ ದೊಡ್ಡ ಮೋಡಗಳು ಆ ಗೆರೆಯನ್ನು ದಾಟಿ ಇನ್ನೂ ಹಲವು ಕಿಲೋಮೀಟರ್ ಮೇಲಕ್ಕೆ ಬೆಳೆಯುತ್ತವೆ. ಅಲ್ಲಿ ನೀರಾವಿ ನೇರವಾಗಿ ಹರಳುಗಟ್ಟುತ್ತದೆ. ಹರಳಿಗೆ ಹರಳು ಅಂಟಿ ಹಿಮದ ಹೂಗಳಾಗುತ್ತವೆ, ಭಾರಕ್ಕೆ ಕೆಳಗಿಳಿಯುತ್ತವೆ, ಸೊನ್ನೆಯ ಗೆರೆ ದಾಟುತ್ತಿದ್ದಂತೆ ಕರಗಿ ಹನಿಯಾಗುತ್ತವೆ. ಅವು ಕರಗುವ ಆ ಪದರ ಹವಾಮಾನ ರೇಡಾರಿನಲ್ಲಿ ಮಿನುಗುವ ಪಟ್ಟಿಯಾಗಿ ಕಾಣಿಸುತ್ತದೆ. ಎಲ್ಲ ಮಳೆಯೂ ಹೀಗಲ್ಲ. ಕೊಂಕಣದ ತಗ್ಗು ಮೋಡಗಳು ಹಿಮದ ಹಂಗಿಲ್ಲದೆಯೇ ಸುರಿಯುತ್ತವೆ. ಆದರೆ ಎತ್ತರದ ಮೋಡಗಳ ಮಳೆಯಲ್ಲಿ ಬಹುಪಾಲು ಒಂದು ಕಾಲಕ್ಕೆ ಹಿಮವೇ. ಉತ್ಸವ ಚೌಕದಲ್ಲಿ ಕೊಡೆ ಹಿಡಿದು ನಿಂತವರ ಕೊಡೆಯ ಮೇಲೆ ಪಟಪಟ ಸದ್ದು ಮಾಡುತ್ತಿರುವುದರಲ್ಲಿ, ಕೆಲವೇ ನಿಮಿಷಗಳ ಹಿಂದೆ ಸದ್ದಿಲ್ಲದೆ ತೇಲುತ್ತಿದ್ದ ಹಿಮವೂ ಇದೆ.

ಆ ಹರಳುಗಳು ಆರು ಮೂಲೆಯವು. ಯಾಕೆ ಆರೇ, ಐದೋ ಏಳೋ ಯಾಕಲ್ಲ ಎಂದು ಖಗೋಳ ವಿಜ್ಞಾನಿ ಯೋಹಾನ್ನೆಸ್ ಕೆಪ್ಲರ್ ಪ್ರಾಗ್ ನಗರದಲ್ಲಿ ತನ್ನ ಕೋಟಿನ ಮೇಲೆ ಬಿದ್ದ ಹಿಮ ನೋಡಿ ಕೇಳಿಕೊಂಡ. 1611ರಲ್ಲಿ ಆ ಪ್ರಶ್ನೆಯ ಮೇಲೆಯೇ ಪುಟ್ಟ ಪುಸ್ತಕವೊಂದನ್ನು ಬರೆದು ತನ್ನ ಪೋಷಕನಿಗೆ ಹೊಸ ವರ್ಷದ ಉಡುಗೊರೆಯಾಗಿ ಕೊಟ್ಟ. ಪೂರ್ತಿ ಉತ್ತರ ಅವನಿಗೆ ಸಿಗಲಿಲ್ಲ. ನೀರಿನ ಅಣುಗಳು ಹರಳಾಗುವಾಗ ಆರು ಮೂಲೆಯ ಜಾಲರಿಯಲ್ಲಿ ಕೈ ಹಿಡಿದು ನಿಲ್ಲುತ್ತವೆ ಎಂಬುದು ಖಚಿತವಾದದ್ದು ಇಪ್ಪತ್ತನೆಯ ಶತಮಾನದಲ್ಲಿ, ಎಕ್ಸ್‌ರೇ ಬಂದ ಮೇಲೆ. ಕೆಪ್ಲರ್ ದೇವಭಕ್ತ; ಆಕಾಶವನ್ನು ಅಳೆಯುವುದು ಅವನಿಗೆ ಸೃಷ್ಟಿಕರ್ತನ ಆಲೋಚನೆಯ ಜಾಡು ಹಿಡಿಯುವ ಕೆಲಸ. ಗ್ರಹಗಳ ಹಾದಿ ಲೆಕ್ಕ ಹಾಕಿದ ಮನುಷ್ಯ ಅಂಗಿಯ ತೋಳಿನ ಮೇಲೆ ಕರಗುವ ಚೂರಿಗೂ ಅಷ್ಟೇ ಗೌರವ ಕೊಟ್ಟ. ಕಾರಣ ತಿಳಿದ ಮೇಲೂ ಆ ಹರಳಿನ ಅಂದ ಒಂದಿಷ್ಟೂ ಕುಂದಿಲ್ಲ.

ಬೈಬಲಿನ ನಾಡಿನಲ್ಲೂ ಹಿಮ ಅಪರೂಪ. ದಾವೀದನ ಶೂರರಲ್ಲಿ ಒಬ್ಬನಾದ ಬೆನಾಯ ಹಿಮ ಬಿದ್ದ ದಿನವೊಂದರಲ್ಲಿ ಗುಂಡಿಗಿಳಿದು ಸಿಂಹವನ್ನು ಕೊಂದದ್ದನ್ನು ಸಮುವೇಲನ ಎರಡನೆಯ ಗ್ರಂಥ ಹೇಳುತ್ತದೆ. ಅಂದು ಹಿಮ ಬಿದ್ದಿತ್ತೆಂಬ ಸಂಗತಿಯನ್ನೂ ಬರೆದವರು ಬಿಟ್ಟುಬಿಡಲಿಲ್ಲ. ಎಲ್ಲವನ್ನೂ ಕಳೆದುಕೊಂಡ ಯೋಬನೊಡನೆ ದೇವರು ಬಿರುಗಾಳಿಯೊಳಗಿಂದ ಮಾತಾಡುವಾಗ ಹಿಮದ ಭಂಡಾರಗಳನ್ನು ನೋಡಿದ್ದೀಯಾ ಎಂದು ಕೇಳುತ್ತಾನೆ. ಆ ಪ್ರಶ್ನೆ ನನಗೆ ಬಹುಕಾಲ ಗದರಿಕೆಯಂತೆಯೇ ಕೇಳುತ್ತಿತ್ತು. ಈಗ ಅದರಲ್ಲಿ ಕರೆಯೂ ಕೇಳುತ್ತದೆ: ನಿನ್ನ ದುಃಖಕ್ಕಿಂತ ದೊಡ್ಡದಾದ ಲೋಕವೊಂದಿದೆ, ತಲೆ ಎತ್ತಿ ನೋಡು. ಯೆಶಾಯನ 55ನೆಯ ಅಧ್ಯಾಯದಲ್ಲಿ ಮಳೆಯೂ ಹಿಮವೂ ಜೊತೆಯಾಗಿಯೇ ಬರುತ್ತವೆ. ಎರಡೂ ಆಕಾಶದಿಂದ ಇಳಿದು, ನೆಲ ತೋಯಿಸಿ, ಬಿತ್ತುವವನಿಗೆ ಬೀಜವನ್ನೂ ಉಣ್ಣುವವನಿಗೆ ರೊಟ್ಟಿಯನ್ನೂ ಕೊಡದೆ ಹಿಂತಿರುಗುವುದಿಲ್ಲ; ದೇವರ ವಾಕ್ಯವೂ ಹಾಗೆಯೇ ಎಂದು ಪ್ರವಾದಿ ಹೇಳುತ್ತಾನೆ.

ಖಾರಘರದ ಗಾಳಿ ಆ ಎತ್ತರದ ಹರಳಿಗೆ ತಾಳಲಾರದಷ್ಟು ಬೆಚ್ಚಗೆ. ಇಲ್ಲಿಯ ನೆಲ ಮುಟ್ಟಬೇಕಾದರೆ ಅದು ತನ್ನ ಆರು ಮೂಲೆಯ ಅಂದವನ್ನು ದಾರಿಯಲ್ಲೇ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ಮೇಲೂ ಅದು ಅದೇ ನೀರು. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲನು ಕ್ರಿಸ್ತನ ಬಗ್ಗೆ ಹೇಳುವುದು ಇಂಥದೇ ಇಳಿದು ಬರುವಿಕೆಯನ್ನು: ದೇವಸ್ವರೂಪದಲ್ಲಿದ್ದವನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಳೆದ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಆ ಭಾಗ ಈ ಮಳೆಯ ದಿನ ನನಗೆ ಹೊಸದಾಗಿ ತಟ್ಟಿತು. ನಾವು ಹಿಮಕ್ಕಾಗಿ ಹಂಬಲಿಸುತ್ತ ಕೂತಿದ್ದೆವು. ಹಿಮವೋ ನಮಗೆ ಆಗಿಬರುವ ರೂಪ ತಾಳಿ ವರ್ಷವರ್ಷವೂ ನಮ್ಮ ಸಜ್ಜೆಯ ಮೇಲೆ ಬೀಳುತ್ತಿತ್ತು. ಕೃಪೆಯನ್ನು ನಾವು ಗುರುತಿಸದೆ ಹೋಗುವುದೂ ಹೀಗೆಯೇ. ನಮ್ಮ ಅಳತೆಗೆ ತಗ್ಗಿ ಬಂದದ್ದರಿಂದಲೇ ಅದು ಸಾಮಾನ್ಯವಾಗಿ ಕಾಣುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಈ ಚಿಂತನೆ ಸುಳ್ಳಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿದದ್ದೂ ಇದೇ ಮಳೆ. 2023ರ ಜುಲೈ 19ರ ರಾತ್ರಿ ನಮ್ಮದೇ ರಾಯಗಡ ಜಿಲ್ಲೆಯ ಇರ್ಶಾಳವಾಡಿಯಲ್ಲಿ ಗುಡ್ಡ ಕುಸಿದು ಮಲಗಿದ್ದ ಆದಿವಾಸಿ ಮನೆಗಳು ಮಣ್ಣಡಿಯಾದವು. ಸಿಕ್ಕಿದ ಶವಗಳು 27. ಕಾಣೆಯಾದ 57 ಜನ ಸಿಗಲೇ ಇಲ್ಲ. ಪಾಂಡವಕಡಾದಲ್ಲೂ ಜೀವಗಳು ಹೋಗಿವೆ. ಅದಕ್ಕೇ ಮಳೆಗಾಲದಲ್ಲಿ ಪೊಲೀಸರು ಅಲ್ಲಿಗೆ ಬಿಡುವುದಿಲ್ಲ. ಸಿಲೋವದ ಗೋಪುರ ಬಿದ್ದು ಸತ್ತವರು ಉಳಿದವರಿಗಿಂತ ಪಾಪಿಗಳೇನು ಎಂದು ಯೇಸುಸ್ವಾಮಿ ಕೇಳಿದರು; ಅಲ್ಲ ಎಂದು ತಾವೇ ಹೇಳಿದರು. ತಂದೆ ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾನೆ ಎಂದವರೂ ಅವರೇ. ನಮ್ಮ ಮನೆ ಬೆಚ್ಚಗಿದ್ದದ್ದು ನಮ್ಮ ಯೋಗ್ಯತೆಯಿಂದಲ್ಲ. ಸತ್ತವರ ಹೆಸರಿಗೆ ಜಾಗವಿಲ್ಲದ ಬೆರಗಿಗೆ ಪ್ರಾರ್ಥನೆಯಲ್ಲೂ ಜಾಗವಿಲ್ಲ.

ಅಂದು ಮಧ್ಯಾಹ್ನ ಕೆಳಗೆ ನೋಡಿದರೆ ಡೆಲಿವರಿ ಹುಡುಗನೊಬ್ಬ ಮೊಣಕಾಲು ನೀರಲ್ಲಿ ಬೈಕ್ ತಳ್ಳುತ್ತಿದ್ದ. ಸೊಸೈಟಿಯ ವಾಚ್‌ಮನ್ ರಾತ್ರಿ ಪಾಳಿ ಮುಗಿಸಿಯೂ ಮನೆಗೆ ಹೋಗಲಾರದೆ ಕೂತಿದ್ದ. ಮನೆಕೆಲಸದ ಬಾಯಿಯರು ಸೆರಗು ಹಿಂಡುತ್ತ ಮೆಟ್ಟಿಲು ಹತ್ತುತ್ತಿದ್ದರು. ಕೆಂಪು ಎಚ್ಚರಿಕೆ ಅವರ ಮೇಲೂ ಇತ್ತು, ರಜೆ ಇರಲಿಲ್ಲ. ಸಬ್ಬತ್ತಿನ ಆಜ್ಞೆ ನೆನಪಾಯಿತು. ವಿಶ್ರಾಂತಿಯ ದಿನ ಯಾರಿಗೆಲ್ಲ ಸೇರಬೇಕು ಎಂಬುದನ್ನು ಮೋಶೆಯ ಗ್ರಂಥ ಬಿಡಿಸಿ ಹೇಳುತ್ತದೆ: ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ. ಒಬ್ಬರ ವಿಶ್ರಾಂತಿ ಇನ್ನೊಬ್ಬರ ಬೆನ್ನ ಮೇಲೆ ನಿಲ್ಲಬಾರದೆಂದೇ ಆ ಪಟ್ಟಿ.

ಬೇಡದೆ ಬಂದ ದಿನವನ್ನು ಉಡುಗೊರೆಯೆಂದು ನಾವು ನಂಬುವುದಾದರೆ ಅದನ್ನು ಹಂಚಬೇಕು. ಇನ್ನೊಮ್ಮೆ ಕೆಂಪು ಎಚ್ಚರಿಕೆ ಬಂದ ಸಂಜೆ ಶಾಲೆಯ ಮೆಸೇಜಿಗೆ ಕಾಯುವ ಮೊದಲು ಮನೆಕೆಲಸದ ಬಾಯಿಗೆ ಫೋನ್ ಮಾಡಿ, "ನಾಳೆ ಬರಬೇಡಿ, ಸಂಬಳ ಕಡಿಯುವುದಿಲ್ಲ" ಎನ್ನೋಣ. ಬಿಸಿ ಬಜ್ಜಿಯ ಆಸೆಗೆ ಯಾರನ್ನೂ ನೀರಿಗಿಳಿಸದೆ ಮನೆಯಲ್ಲೇ ಕರಿದುಕೊಳ್ಳೋಣ. ವಾಚ್‌ಮನ್ನನಿಗೂ ಒಂದು ತಟ್ಟೆ ಗಂಜಿ ಹೋಗಲಿ. ಹಾಗೆ ಮಾಡಿದ ಮೇಲೆ ಮಕ್ಕಳನ್ನು ಕಿಟಕಿಗೆ ಕರೆದು, ಮೋಡದೊಳಗೆ ಬೀಳುತ್ತಿರುವ ಹಿಮದ ಮಾತು ಹೇಳೋಣ.