ಅವನ ಹಾಗೆ, ಅವನೇ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಶಾಲೆ ಮುಗಿಸಿಕೊಂಡು ಬರುವಾಗ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಯಾರೋ ನನ್ನ ಕತ್ತಿಗೆ ಕೈಹಾಕಿ ಮಾಂಗಲ್ಯದ ಸರ ಕಿತ್ತುಕೊಂಡು ಓಡಿದ. ನಾಲ್ಕು ದಿನದ ಮೇಲೆ ಠಾಣೆಯಿಂದ ಕರೆ ಬಂತು. ಒಬ್ಬ ಹುಡುಗನನ್ನು ಗೋಡೆಯ ಪಕ್ಕ ನಿಲ್ಲಿಸಿದ್ದರು. ಅದೇ ಗುಂಗುರು ಕೂದಲು, ಅದೇ ಒಣಕಲು ಮೈ. "ಇವನೇ" ಎಂದುಬಿಟ್ಟೆ.

ಅಲ್ಲಿದ್ದ ವಯಸ್ಸಾದ ದಫೇದಾರರು ನಿಧಾನವಾಗಿ ಕೇಳಿದರು: "ಟೀಚರಮ್ಮ, ಇವನ ಹಾಗಿದ್ದನೋ, ಇಲ್ಲಾ ಇವನೇನೋ?" ನನಗೆ ರೇಗಿತು. ಕಣ್ಣಾರೆ ಕಂಡವಳು ನಾನು! ಮತ್ತೆ "ಇವನೇ" ಎಂದೆ. ದಫೇದಾರರು ಅಷ್ಟಕ್ಕೇ ಬಿಡದೆ ಮಂಡಿಗೆ ಹೋಗಿ ವಿಚಾರಿಸಿದರು. ಆ ಸಂಜೆ ಹುಡುಗ ಅಲ್ಲಿ ಈರುಳ್ಳಿ ಮೂಟೆ ಇಳಿಸುತ್ತಿದ್ದ. ಜೊತೆಯ ಹಮಾಲರೆಲ್ಲ ಸಾಕ್ಷಿ. ಅವನನ್ನು ಬಿಟ್ಟರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ವರ್ಷ ವರ್ಷ ಮಕ್ಕಳಿಗೆ ಹೇಳುತ್ತಿದ್ದವಳು ನಾನು!

ಈ ಕಥೆಯನ್ನು ಈಚೆಗೆ ಬೆಂಗಳೂರಿನಲ್ಲಿರುವ ಅಕ್ಕನ ಮಗಳಿಗೆ ಹೇಳಿದೆ. ಅವಳು ನಕ್ಕಳು. "ಆ ಕಾಲ ಹೋಯ್ತು ಚಿಕ್ಕಮ್ಮ. ಈಗ ಕ್ಯಾಮೆರಾನೇ ಮುಖ ನೋಡಿ ಹೇಳಿಬಿಡುತ್ತೆ. ನಿಮ್ಮ ಹಾಗೆ ಗಾಬರಿಯಾಗಲ್ಲ ಅದು."

ನಿಜ, ಗಾಬರಿಯಾಗುವುದಿಲ್ಲ. ಬೆಂಗಳೂರಿನ ಸೇಫ್ ಸಿಟಿ ಯೋಜನೆಯಲ್ಲಿ 7,000ಕ್ಕೂ ಹೆಚ್ಚು ಕ್ಯಾಮೆರಾಗಳಿವೆ. ಅದರ ಹಣ ಬಂದದ್ದು ನಿರ್ಭಯಾ ನಿಧಿಯಿಂದ, ಅಂದರೆ ನಮ್ಮ ಹೆಣ್ಣುಮಕ್ಕಳ ಹೆಸರಿನಲ್ಲಿ. ಯಂತ್ರವೇ ಬೇಡವೆನ್ನುವ ಹಟ ನನ್ನದಲ್ಲ. 2018ರಲ್ಲಿ ದೆಹಲಿ ಪೊಲೀಸರು ಇಂಥ ಯಂತ್ರದ ನೆರವಿನಿಂದ ನಾಲ್ಕೇ ದಿನಗಳಲ್ಲಿ ಕಾಣೆಯಾಗಿದ್ದ ಸುಮಾರು 3,000 ಮಕ್ಕಳ ಗುರುತು ಹಚ್ಚಿದರೆಂದು ವರದಿಯಾಗಿತ್ತು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ಯಂತ್ರ ಕೆಟ್ಟದ್ದು ಎನ್ನಲು ಯಾರಿಗೆ ಬಾಯಿ ಬಂದೀತು?

ಆದರೂ ದಫೇದಾರರ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. 2023ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ, ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿದ್ದ ಎಂಟು ತಿಂಗಳ ಗರ್ಭಿಣಿಯೊಬ್ಬಳನ್ನು ಪೊಲೀಸರು ಮನೆಬಾಗಿಲಲ್ಲೇ ಬಂಧಿಸಿದರು. ಕಾರು ದರೋಡೆಯ ಆರೋಪ. ಯಂತ್ರ ಅವಳ ಹಳೆಯ ಫೋಟೋವನ್ನು ಆರಿಸಿತ್ತು. ಅದನ್ನು ನೋಡಿ, ದರೋಡೆಗೊಳಗಾದವನೂ ಇವಳೇ ಎಂದಿದ್ದ. ಸುಮಾರು ಹನ್ನೊಂದು ಗಂಟೆ ಅವಳನ್ನು ಹಿಡಿದಿಟ್ಟರು. ಮುಂದೆ ಮೊಕದ್ದಮೆ ಬಿದ್ದುಹೋಯಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಯಂತ್ರ ಮಾಡುವುದು ಮುಖದ ಅಳತೆಗಳನ್ನು ಅಂಕಿಗಳಾಗಿಸಿ, ಲಕ್ಷಾಂತರ ಚಿತ್ರಗಳಲ್ಲಿ ಅತಿ ಹತ್ತಿರದ್ದನ್ನು ಹೆಕ್ಕುವ ಕೆಲಸ. ಎಂದ ಮೇಲೆ ಅದು ಹೆಕ್ಕಿದ ಮುಖ ಕಳ್ಳನ ಹಾಗೇ ಇರುತ್ತದೆ. ಅದನ್ನೇ ಸಾಕ್ಷಿಗೆ ತೋರಿಸಿದರೆ ಅವಳು "ಇವನೇ" ಎನ್ನದೆ ಇನ್ನೇನೆಂದಾಳು? ಆಗ ಇರುವುದು ಎರಡು ಸಾಕ್ಷ್ಯವಲ್ಲ, ಒಂದೇ ತಪ್ಪು ಎರಡು ಬಾಯಲ್ಲಿ ಬಂದದ್ದು. ಅದೇ ಊರಿನಲ್ಲಿ ಹೀಗೆಯೇ ತಪ್ಪಾಗಿ ಬಂಧಿತನಾಗಿದ್ದ ಇನ್ನೊಬ್ಬ ಹೂಡಿದ ದಾವೆ 2024ರಲ್ಲಿ ರಾಜಿಯಾದಾಗ ಪೊಲೀಸರು ಒಪ್ಪಿದ್ದು ಇದನ್ನೇ: ಬರಿಯ ಯಂತ್ರದ ಮಾತಿನ ಮೇಲಾಗಲಿ, ಅದು ಹೆಕ್ಕಿದ ಫೋಟೋ ತೋರಿಸಿ ಪಡೆದ ಗುರುತಿನ ಮೇಲಷ್ಟೇ ಆಗಲಿ ಯಾರನ್ನೂ ಬಂಧಿಸುವಂತಿಲ್ಲ.

ನಮ್ಮಲ್ಲಿ? ಶೇಕಡ 80ಕ್ಕಿಂತ ಹೆಚ್ಚು ಹೋಲಿಕೆ ಬಂದರೆ ಅದನ್ನು ಗುರುತು ಸಿಕ್ಕಂತೆ ಪರಿಗಣಿಸುತ್ತೇವೆಂದು ದೆಹಲಿ ಪೊಲೀಸರು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಕೊಟ್ಟಿದ್ದರು. ಎಂಬತ್ತು ಅಂಕ ತಂದ ಹುಡುಗನ ಬೆನ್ನು ತಟ್ಟಿದವಳು ನಾನು. ಆದರೆ ಒಬ್ಬನನ್ನು ಕಳ್ಳನೆನ್ನಲು ಎಂಬತ್ತು ಸಾಕೇ?

ಯಂತ್ರವನ್ನು ಠಾಣೆಗೆ ತರುವ ಹಿರಿಯ ಅಧಿಕಾರಿಗಳು ಅದರ ಜೊತೆಗೆ ಆ ದಫೇದಾರರ ಪ್ರಶ್ನೆಯನ್ನೂ ತರಬೇಕು. "ಹಾಗಿದ್ದಾನೆ" ಎಂದು ಯಂತ್ರ ಹೇಳಲಿ. "ಇವನೇ" ಎಂಬ ಮಾತನ್ನು ಮಾತ್ರ ಒಬ್ಬ ಮನುಷ್ಯ, ಮಂಡಿಯವರೆಗೂ ನಡೆದು ವಿಚಾರಿಸಿದ ಮೇಲೆ, ಕೆಳಗೆ ತನ್ನ ಹೆಸರು ಬರೆದು ಸಹಿ ಹಾಕಿ ಹೇಳಬೇಕು. ತಪ್ಪಾದರೆ ಅವನ ಬಾಗಿಲು ತಟ್ಟುವಂತಿರಬೇಕು. ಯಂತ್ರಕ್ಕೆ ಬಾಗಿಲೆಲ್ಲಿ?

ಹೀಗೆ ಉಪದೇಶಿಸುವ ನಾನೇನೂ ದೊಡ್ಡವಳಲ್ಲ. ಹುಡುಗನನ್ನು ಬಿಟ್ಟ ದಿನ ಅವನ ತಾಯಿ ಠಾಣೆಯ ಮುಂದಿನ ಹುಣಸೆಮರದ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ನನ್ನನ್ನು ಒಮ್ಮೆ ತಲೆಯೆತ್ತಿ ನೋಡಿದಳು. ಬೈಯಲಿಲ್ಲ. "ತಪ್ಪಾಯಿತು ತಾಯಿ" ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಸೆರಗು ಹೊದ್ದು ಸರಸರನೆ ನಡೆದುಬಿಟ್ಟೆ. ಸರ ಸಿಗಲೇ ಇಲ್ಲ. ಅದರ ಕೊರಗು ಎಂದೋ ಹೋಯಿತು. ಆ ತಾಯಿಯ ನೋಟ ಇನ್ನೂ ಇದೆ. ನನಗಾದರೋ ಇಷ್ಟು ವರ್ಷ ಚುಚ್ಚಲು ಅದಾದರೂ ಉಳಿದಿದೆ. ಯಂತ್ರಕ್ಕೆ ಅದೂ ಇಲ್ಲ.