ಮದ್ದಿನ ಬೆಲೆ ಯಾರ ಹೊಣೆ?

ಹೊಸ ಬಟ್ಟೆಯನ್ನು ಮುಂದಿನ ಹಬ್ಬಕ್ಕೆ ಕೊಂಡರಾಯಿತು ಎನ್ನಬಹುದು. ಕಾಯಿಲೆಯ ಮದ್ದನ್ನು ಹಾಗೆ ಮುಂದೂಡಲಾಗದು. ಯಾವ ಕಂಪನಿಯ ಮಾತ್ರೆ ಎಂದು ಬರೆಯುವವರು ವೈದ್ಯರು, ಹಣ ತೆರುವವನು ರೋಗಿ. ಆಯ್ಕೆಯ ಸ್ವಾತಂತ್ರ್ಯವೇ ಇಲ್ಲದವನಿಗೆ ಮಾರುವ ಔಷಧವನ್ನು ಸಂತೆಯ ಇತರ ಸರಕಿನಂತೆ ಕಾಣುವುದು ನ್ಯಾಯವೇ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಇದು ದಿನನಿತ್ಯದ ಪ್ರಶ್ನೆ. ಮಳೆಯನ್ನೇ ನಂಬಿದ ಹೊಲಗಳು. ಗೋವಾ, ಮಹಾರಾಷ್ಟ್ರಗಳಿಗೆ ದುಡಿಯಲು ಗುಳೆ ಹೋಗುವ ಕುಟುಂಬಗಳು. ಇಂಥ ಮನೆಗೆ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಹೊಕ್ಕರೆ ಮಾತ್ರೆಯ ಖರ್ಚು ಜೀವಮಾನವಿಡೀ ಬೆನ್ನು ಬಿಡದು. ಕೂಲಿ ನಿಂತ ವಾರ ಮಾತ್ರೆಯೂ ನಿಲ್ಲುತ್ತದೆ.

ಸರಕಾರಗಳು ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಮಳಿಗೆಗಳಲ್ಲಿ ಕಂಪನಿ ಹೆಸರಿನ ಹಂಗಿಲ್ಲದ ಜೆನೆರಿಕ್ ಔಷಧಗಳು ಬಹಳ ಕಡಿಮೆ ಬೆಲೆಗೆ ದೊರೆಯುತ್ತವೆ. 2013ರ ಬೆಲೆ ನಿಯಂತ್ರಣ ಆದೇಶವು ಅಗತ್ಯ ಔಷಧಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಮಾಡುತ್ತದೆ. ಆದರೆ ಆ ಮಿತಿಯನ್ನು ಲೆಕ್ಕಹಾಕುವುದು ತಯಾರಿಕೆಯ ವೆಚ್ಚದಿಂದಲ್ಲ, ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ಬೆಲೆಗಳ ಸರಾಸರಿಯಿಂದ. ಪಟ್ಟಿಯ ಹೊರಗಿನ ಔಷಧಗಳ ಬೆಲೆಯನ್ನು ವರ್ಷಕ್ಕೆ ಶೇಕಡಾ 10ರವರೆಗೆ ಏರಿಸಲು ಕಂಪನಿಗಳಿಗೆ ಅವಕಾಶವಿದೆ.

2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಈ ವಿಷಯ ಹೊಸ ತಿರುವು ಪಡೆಯಿತು. ಸರಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಮಳಿಗೆಗಳನ್ನು ಮುಚ್ಚಲು ರಾಜ್ಯ ಸರಕಾರ ಆದೇಶಿಸಿತು. ಆಸ್ಪತ್ರೆಯೇ ಉಚಿತವಾಗಿ ಔಷಧ ಕೊಡಬೇಕಾದಾಗ ಅದರ ಅಂಗಳದಲ್ಲಿ ಮಾರಾಟವೇಕೆ ಎಂಬುದು ಅದರ ವಾದ. ಆಸ್ಪತ್ರೆಯಲ್ಲಿ ಮದ್ದು ಮುಗಿದ ದಿನ ಬಡವ ಎಲ್ಲಿಗೆ ಹೋಗಬೇಕು ಎಂಬುದು ವಿರೋಧಿಸಿದವರ ಪ್ರಶ್ನೆ. ವಿಷಯ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂದು, ಜುಲೈನಲ್ಲಿ ಆದೇಶಕ್ಕೆ ತಡೆ ದೊರೆಯಿತು.

ಪಕ್ಷರಾಜಕೀಯವನ್ನು ಬದಿಗಿಟ್ಟು ನೋಡಿದರೆ ಎರಡೂ ಮಾತಿನಲ್ಲಿ ಸತ್ಯವಿದೆ. ಪಕ್ಕದಲ್ಲೇ ಅಗ್ಗದ ಅಂಗಡಿಯಿದ್ದರೆ, ಉಚಿತವಾಗಿ ಕೊಡಬೇಕಾದದ್ದನ್ನೂ ಚೀಟಿಯಲ್ಲಿ ಬರೆದು ಕಳುಹಿಸುವುದು ಸುಲಭ. ಆದರೆ ಕೊಟ್ಟ ಮಾತು ನಡೆಯುವ ಮುನ್ನವೇ ಇನ್ನೊಂದು ಬಾಗಿಲನ್ನು ಮುಚ್ಚಿದರೆ, ಅದರ ದಂಡ ತೆರುವವನು ಮಾತು ಕೊಟ್ಟವನಲ್ಲ, ಬಾಗಿಲಲ್ಲಿ ನಿಂತವನು.

ಕಡಿಮೆ ಬೆಲೆಯೊಂದೇ ಗುರಿಯಾಗಲೂ ಬಾರದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ನಂತರ ತಾಯಂದಿರು ಸಾವಿಗೀಡಾದಾಗ, ಅವರಿಗೆ ನೀಡಿದ ದ್ರಾವಣದ ಗುಣಮಟ್ಟದ ಮೇಲೆಯೇ ಸಂದೇಹ ಮೂಡಿತು. ಬಡವರಿಗೆಂದು ಕೊಳ್ಳುವ ಮದ್ದನ್ನು ಪರೀಕ್ಷಿಸುವುದರಲ್ಲಿ ಮಾಡುವ ಉಳಿತಾಯ ಉಳಿತಾಯವೇ ಅಲ್ಲ.

ಸಮಾರಿಯದವನ ಸಾಮತಿ ನಮಗೆಲ್ಲ ತಿಳಿದದ್ದೇ. ಗಾಯಗೊಂಡವನಿಗೆ ಪಟ್ಟಿ ಕಟ್ಟಿದಷ್ಟಕ್ಕೆ ಅವನ ಕರ್ತವ್ಯ ಮುಗಿಯಲಿಲ್ಲ; ಛತ್ರದವನ ಕೈಗೆ ಹಣವಿತ್ತು, ಹೆಚ್ಚು ಖರ್ಚಾದರೆ ಅದನ್ನೂ ತೀರಿಸುವ ಹೊಣೆ ಹೊತ್ತನು. ಲೆಕ್ಕದ ಚೀಟಿ ಗಾಯಾಳುವಿನ ಕೈಗೆ ಹೋಗಲಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲಕ್ಕೂ ಈ ಭಾವ ಹೊಸದಲ್ಲ. ದಾಸೋಹದಲ್ಲಿ ನೀಡುವವನು ತನ್ನನ್ನು ದಾನಿಯೆಂದು ಎಣಿಸುವುದಿಲ್ಲ, ದಾಸನೆಂದು ತಿಳಿಯುತ್ತಾನೆ.

ಈ ಅಳತೆಗೋಲನ್ನು ಹಿಡಿದರೆ ದಾರಿ ಕಠಿಣವೇನಲ್ಲ. ತಾಲೂಕು ಆಸ್ಪತ್ರೆಯ ಗೋಡೆಯ ಮೇಲೆ ಆ ದಿನ ಲಭ್ಯವಿರುವ ಔಷಧಗಳ ಪಟ್ಟಿ ಕನ್ನಡದಲ್ಲಿ ಕಾಣಲಿ. ಇಲ್ಲದ ಔಷಧವನ್ನು ಆಸ್ಪತ್ರೆಯೇ ಜನೌಷಧಿ ಮಳಿಗೆಯಿಂದ ಕೊಂಡು ರೋಗಿಗೆ ಉಚಿತವಾಗಿ ಕೊಡಲಿ. ಆಗ ಉಚಿತ ಮತ್ತು ಅಗ್ಗ ಎಂಬೆರಡು ನೀತಿಗಳಿಗೆ ಜಗಳವೇ ಉಳಿಯದು. ನಮ್ಮ ಪಾಲಿಗೂ ಕೆಲಸವಿದೆ: ಚೀಟಿಯಲ್ಲಿ ಜೆನೆರಿಕ್ ಹೆಸರನ್ನೂ ಬರೆಯುವಂತೆ ವೈದ್ಯರನ್ನು ವಿನಯದಿಂದ ಕೇಳುವುದು, ಓದು ಬಾರದ ನೆರೆಯವರ ಜೊತೆಗೆ ಔಷಧದ ಕಿಟಕಿಯವರೆಗೆ ಹೋಗಿ ನಿಲ್ಲುವುದು.

'ದಾಸ್ತಾನು ಇಲ್ಲ' ಎಂಬ ಎರಡು ಪದಗಳ ಬೆಲೆಯನ್ನು ರೋಗಿ ತೆರಬೇಕಾದ ದಿನ ಇನ್ನಾದರೂ ಕೊನೆಗೊಳ್ಳಲಿ.